ಹದಿನೇಳನೆಯ ಬಾಟಲಿ

ಕಳಸದ ಕಡೆಯ ಹೆಂಗಸರ ಗುಂಪೊಂದು ಕಳಿಸಿದ್ದ ಹೊಳೆಮತ್ತಿ ಮರದ ತೊಗಟೆಯ ಪುಡಿಯನ್ನು ನಾನು ಮೊದಲ ಸಲ ‘ತಿರಸ್ಕೃತ’ ಎಂದು ಬರೆದದ್ದು ಒಂದು ಸೋಮವಾರ, ಹನ್ನೊಂದು ಗಂಟೆಯ ಕಾಫಿಗೆ ಮುಂಚೆ. ಬರೆದೆ, ಕೈ ತೊಳೆದೆ, ಹೋಗಿ ಕಾಫಿ ಕುಡಿದೆ. ಆ ಕಾಫಿ ನೆನಪಾದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ನಾನಿರುವುದು ಚಿಕ್ಕಮಗಳೂರಿನ ಹೊರವಲಯದಲ್ಲಿ, ಗಿಡಮೂಲಿಕೆಯ ಔಷಧಿ ಮಾಡುವ ಒಂದು ಘಟಕದ ಪರೀಕ್ಷಾ ಕೊಠಡಿಯಲ್ಲಿ. ಬೇರು, ಎಲೆ, ತೊಗಟೆ ಇಡಿಯಾಗಿದ್ದಾಗ ಗುರುತು ಹಿಡಿಯಲು ನನ್ನಂಥವಳು ಬೇಕಿಲ್ಲ, ನಮ್ಮಜ್ಜಿಯೂ ಹಿಡಿಯುತ್ತಿದ್ದರು. ಪುಡಿಯಾಯಿತೋ, ಮುಗಿಯಿತು. ಎಲ್ಲವೂ ಕಂದು, ಎಲ್ಲವೂ ಒಗರು. ಆಮೇಲೆ ಮಾತಾಡುವುದು ಸೂಕ್ಷ್ಮದರ್ಶಕ ಒಂದೇ.

ಕೆಲಸ ನೋಡುವುದಕ್ಕೆ ಚಿಕ್ಕದು. ಸೂಜಿಯ ತುದಿಯಲ್ಲಿ ಬರುವಷ್ಟು ಪುಡಿ, ಗಾಜಿನ ಪಟ್ಟಿಯ ಮೇಲೆ. ಅದಕ್ಕೆ ಕ್ಲೋರಲ್ ಹೈಡ್ರೇಟ್ ದ್ರಾವಣದ ಎರಡು ಹನಿ. ಸ್ಪಿರಿಟ್ ದೀಪದ ಮೇಲೆ ಹಿಡಿದೂ ಹಿಡಿಯದ ಹಾಗೆ ಬಿಸಿ ಮಾಡಬೇಕು, ಕುದಿಸಿದರೆ ಕೆಟ್ಟಿತು. ಬಣ್ಣ, ಪಿಷ್ಟ ಎಲ್ಲ ಕರಗಿ ಜೀವಕೋಶದ ಗೋಡೆಗಳು ತಿಳಿಯಾಗಿ ಕಾಣುತ್ತವೆ. ಒಣಗದಿರಲೆಂದು ಒಂದು ಹನಿ ಗ್ಲಿಸರಿನ್, ಮೇಲೆ ತೆಳು ಗಾಜು. ಪಿಷ್ಟ ನೋಡಬೇಕಾದರೆ ಬೇರೆ ಪಟ್ಟಿ, ನೀರಲ್ಲಿ, ಅಯೋಡಿನ್ ಹಾಕಿ. ಗಟ್ಟಿ ನಾರು ನೋಡಬೇಕಾದರೆ ಫ್ಲೋರೋಗ್ಲುಸಿನಾಲ್, ಮೇಲೆ ಆಮ್ಲ. ಮರವಾಗಿರುವುದೆಲ್ಲ ಕಡುಗುಲಾಬಿಗೆ ತಿರುಗುತ್ತದೆ. ಹೊಳೆಮತ್ತಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದಪ್ಪ ದಪ್ಪ ಹರಳುಗಳು, ಮುಳ್ಳು ಮುಳ್ಳಾಗಿ ನೆಗ್ಗಿಲುಕಾಯಿಯ ಹಾಗೆ. ಜೊತೆಗೆ ನಾರಿನ ಕಟ್ಟುಗಳು.

ಆದರೆ ಕೊನೆಯ ತೀರ್ಪು ಪುಸ್ತಕದ್ದಲ್ಲ, ಕಪಾಟಿನದು. ನಮ್ಮ ಕಪಾಟಿನಲ್ಲಿ ನಲವತ್ತು ಬಾಟಲಿಗಳಿವೆ. ಅವಕ್ಕೆ ಮೂಲ ಮಾದರಿ ಅನ್ನುತ್ತೇವೆ. ಯಾರೋ ಒಬ್ಬರು ಖುದ್ದಾಗಿ ಆ ಮರದ ಹತ್ತಿರ ಹೋಗಿ, ಮರ ಯಾವುದೆಂದು ಎಲೆ ಹೂವು ನೋಡಿ ಖಾತ್ರಿ ಮಾಡಿಕೊಂಡು, ತಮ್ಮ ಕೈಯಾರೆ ತೆಗೆದು, ಒಣಗಿಸಿ, ನಮ್ಮದೇ ಒರಳಿನಲ್ಲಿ ಕುಟ್ಟಿ ತುಂಬಿಟ್ಟ ಪುಡಿ. ಹೊರಗಿಂದ ಬಂದ ಪುಡಿಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು. ಹದಿನೇಳನೆಯ ಬಾಟಲಿಯ ಮೇಲೆ ನಮ್ಮ ಮುಖ್ಯಸ್ಥರ ಮುತ್ತಿನಂಥ ಅಕ್ಷರ: ‘ಹೊಳೆಮತ್ತಿ ತೊಗಟೆ. ಭದ್ರಾ ದಂಡೆ, ಕಳಸ. ಸ್ವತಃ ಸಂಗ್ರಹಿಸಿದ್ದು.’ ಕೆಳಗೆ ಸಹಿ.

ಆ ಮುಖ್ಯಸ್ಥರೇ ನನಗೆ ನೋಡುವುದನ್ನು ಕಲಿಸಿದವರು. ಗೋಣಿಬೀಡಿನಿಂದ ಬಿಎಸ್ಸಿ ಸರ್ಟಿಫಿಕೇಟು ಹಿಡಿದು ಬಂದಾಗ ನನಗೆ ಎರಡೂ ಕಣ್ಣು ತೆರೆದಿಟ್ಟುಕೊಂಡು ಸೂಕ್ಷ್ಮದರ್ಶಕ ನೋಡಲೂ ಬರುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಮುಖ ಸೊಟ್ಟ ಮಾಡಿ ನೋಡುತ್ತಿದ್ದೆ. “ಬಂದೂಕಲ್ಲಿ ಹಂದಿ ಹೊಡೀತಿದೀಯಾ ಮಾರಾಯ್ತಿ?” ಎಂದು ನಗುತ್ತಿದ್ದರು. ಪ್ರತಿ ಪುಡಿಯನ್ನೂ ಪೆನ್ಸಿಲಿನಲ್ಲಿ ಬಿಡಿಸಬೇಕು. ನಾನು ಮೂರನೆಯ ದಿನ ಬಿಡಿಸಿದ್ದನ್ನು ವಾಪಸು ಕೊಟ್ಟು, “ಇದು ಪುಸ್ತಕದ ಚಿತ್ರ. ನಿಂಗೆ ಕಂಡಿದ್ದು ಬರಿ,” ಎಂದಿದ್ದರು. ವರ್ಷ ತುಂಬಿದ ಮೇಲೆ ತಮ್ಮ ಹಿತ್ತಾಳೆಯ ಕೈಲೆನ್ಸನ್ನೇ ನನ್ನ ಕೈಗಿಟ್ಟರು. ಅಪ್ಪ ತೀರಿಕೊಂಡಾಗ ಹೆಣ ಎತ್ತುವವರೆಗೆ ನಮ್ಮ ಅಂಗಳದಲ್ಲಿ ನಿಂತಿದ್ದರು. ನನ್ನ ಪಾಲಿಗೆ ಅವರು ಬರೀ ಸರ್ ಆಗಿರಲಿಲ್ಲ.

ಕಂಡದ್ದನ್ನು ಬರೆದೆ. ಹದಿನೇಳನೆಯ ಬಾಟಲಿಯ ಪುಡಿಯಲ್ಲಿ ಹರಳು, ನಾರು ಎಲ್ಲ ಇದ್ದವು. ಜೊತೆಗೆ ಇನ್ನೊಂದು ಇತ್ತು. ಎರಡೂ ತುದಿ ಚೂಪಾದ, ನೂಲುವ ಕದಿರಿನಂಥ ಉದ್ದನೆಯ ಗಟ್ಟಿ ಕೋಶಗಳು, ಗೋಡೆಯ ತುಂಬ ಓರೆಯಾಗಿ ಸೀಳಿದಂಥ ಗುರುತು. ತೆಳ್ಳನೆಯ ಪೊರೆಯ ಚೂರಿಗೆ ಅಂಟಿಕೊಂಡೇ ಕಾಣುತ್ತಿದ್ದವು. ಪುಸ್ತಕದಲ್ಲಿ ಇವಿಲ್ಲ.

“ಸರ್, ಇದೆಂಥದು?”

ಅವರು ಬಗ್ಗಿ ನೋಡಿದರು. “ಪುಸ್ತಕ ಬರ್ದೋರು ಬಯಲುಸೀಮೆ ಮರ ನೋಡಿರ್ತಾರೆ. ನಮ್ಮ ಘಟ್ಟದ ಮರಕ್ಕೆ ಮಳೆ ಹೆಚ್ಚು. ತೊಗಟೇಲಿ ವ್ಯತ್ಯಾಸ ಇರುತ್ತಪ್ಪ.”

ನಂಬಿದೆ. ನಂಬಿದ್ದಷ್ಟೇ ಅಲ್ಲ, ಹಿಗ್ಗಿದೆ! ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಕಂಡೆನಲ್ಲ ಎಂದು. ಗುರುತಿನ ಪಟ್ಟಿಯಲ್ಲಿ ‘ಘಟ್ಟದ ಹೊಳೆಮತ್ತಿಯ ವಿಶೇಷ ಲಕ್ಷಣ: ಕದಿರಾಕಾರದ ಕೋಶ’ ಎಂದು ಅಂದವಾಗಿ ಬರೆದು ಅಡಿಗೆರೆ ಎಳೆದೆ. ಆ ಅಡಿಗೆರೆ ನನ್ನದೇ, ಸರ್ ಎಳೆದದ್ದಲ್ಲ.

ನಾನು ಸೇರುವ ಮೊದಲಿನಿಂದಲೂ, ಸೇರಿದ ಮೇಲೂ ನಾಲ್ಕು ವರ್ಷ, ನಮಗೆ ಹೊಳೆಮತ್ತಿ ಪುಡಿ ಬರುತ್ತಿದ್ದುದು ಮೂಡಿಗೆರೆಯ ಹತ್ತಿರ ಬೀಸುವ ಮಿಲ್ ಇಟ್ಟುಕೊಂಡ ಒಬ್ಬ ವ್ಯಾಪಾರಿಯಿಂದ. ಪ್ರತಿ ಸಲವೂ ಕದಿರು ಕಾಣುತ್ತಿತ್ತು, ಪ್ರತಿ ಸಲವೂ ಪಾಸು. ಬೂದಿಯ ಪರೀಕ್ಷೆ, ತೇವಾಂಶ, ಎಲ್ಲ ಮಿತಿಯೊಳಗೇ. ಆಮೇಲೆ ಈ ಕಳಸದ ಗುಂಪು ಸೇರಿಕೊಂಡಿತು. ತೋಟದ ಕೂಲಿ ಇಲ್ಲದ ದಿನಗಳಲ್ಲಿ ತೊಗಟೆ ತೆಗೆಯುವ ಹನ್ನೊಂದು ಹೆಂಗಸರು, ಅವರಿಗೊಬ್ಬ ಮುಂದಾಳು. ಐವತ್ತು ದಾಟಿದ ಆ ಅಕ್ಕನನ್ನು ನಾನು ಕಂಡದ್ದು ಒಣಗಿಸುವ ಕ್ರಮ ಹೇಳಿಕೊಡಲು ಹೋದಾಗ. ಹೇಳಿಕೊಡುವುದಿರಲಿ, ಅವರೇ ನನಗೆ ಪಾಠ ಮಾಡಿದರು.

“ನೋಡು ತಂಗಿ, ಹೊರಗಿನ ಚಕ್ಕೆ ಅಷ್ಟೇ. ಒಳಗಿನ ಕೆಂಪು ಪದರ ಮುಟ್ಟಂಗಿಲ್ಲ. ಒಂದು ಮಗ್ಗುಲು, ಒಂದು ಗೇಣು ಅಗಲ. ಸುತ್ತ ತೆಗೆದ್ಯೋ, ಮರ ಸತ್ತಂಗೆ. ಎರಡು ಮಳೆಗಾಲ ಬಿಟ್ರೆ ಮತ್ತೆ ತುಂಬ್ಕೊಳ್ಳುತ್ತೆ.” ತೆಗೆದ ಜಾಗವನ್ನು ಮಗುವಿನ ಬೆನ್ನು ಸವರುವ ಹಾಗೆ ಸವರಿದ್ದರು. ಊಟ ಹಾಕಿ, ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಒಂದು ಹಲಸಿನಕಾಯಿ ತುರುಕಿದ್ದರು.

ಅವರ ಪುಡಿಯಲ್ಲಿ ಕದಿರು ಕಾಣಲಿಲ್ಲ. ಐದು ಪಟ್ಟಿ ಮಾಡಿ ನೋಡಿದೆ. ಹರಳಿದೆ, ನಾರಿದೆ, ಕದಿರಿಲ್ಲ. ಮತ್ತಿ ಜಾತಿಯ ಬೇರೆ ಮರದ ತೊಗಟೆ ಇರಬೇಕು ಎಂದುಕೊಂಡೆ. ‘ಮೂಲ ಮಾದರಿಗೆ ಹೊಂದುವುದಿಲ್ಲ, ಬೇರೆ ಮರದ ತೊಗಟೆ, ತಿರಸ್ಕೃತ.’ ಅದೇ ಆ ಸೋಮವಾರ.

ಸಂಜೆ ಅಕ್ಕನ ಫೋನು. “ತಂಗಿ, ಬೇರೆ ಮರ ಅಂತ ಬರ್ದಿದೀಯಂತೆ. ಎಂತ ಮಾರಾಯ್ತಿ ಅದು? ನಾ ಮದ್ವೆ ಆಗಿ ಬಂದಾಗಿಂದ ಅದೇ ಮರದ ಬುಡದಲ್ಲಿ ಬಟ್ಟೆ ಒಗ್ದೀನಿ. ನಂಗೆ ಮರ ಗೊತ್ತಿಲ್ವಾ?”

“ಅಕ್ಕ, ಮಿಷನ್ನಲ್ಲಿ ಕಾಣ್ಬೇಕು. ಕಾಣ್ಲಿಲ್ಲ. ಇನ್ನೊಂದ್ಸಲ ಜೋಪಾನವಾಗಿ ತೆಗೆದು ಕಳ್ಸಿ,” ಎಂದೆ. ಎಷ್ಟು ದೊಡ್ಡ ಮನುಷ್ಯಳ ಹಾಗೆ ಹೇಳಿದೆ ನೋಡಿ. ಜೋಪಾನ ಅಂತೆ!

ಎರಡನೆಯ ಸಲವೂ ಕದಿರು ಇಲ್ಲ. ಈ ಸಲ ನನಗೇ ಇರುಸುಮುರುಸು. ನಮ್ಮಲ್ಲಿ ಮೂರು ಸಲ ತಿರಸ್ಕೃತವಾದರೆ ಆ ಗುಂಪಿನ ಹೆಸರನ್ನು ಮಾಲು ಕೊಡುವವರ ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ; ಮೋಸದ ಮಾಲು ಕೊಟ್ಟವರೆಂದು ಒಂದು ಸಾಲೂ ದಾಖಲಾಗುತ್ತದೆ. ಸರ್ ಅವರನ್ನೇ ಕರೆದೆ. “ಸರ್, ನೀವೊಂದ್ಸಲ ನೋಡಿ. ನನ್ನ ಕಣ್ಣೇ ಸರಿ ಇಲ್ವೋ ಏನೋ.”

ಕುರ್ಚಿ ಎಳೆದುಕೊಂಡು ಕೂತರು. ಗುಂಪಿನ ಪುಡಿ ನೋಡಿದರು, ಬಾಟಲಿಯ ಪುಡಿ ನೋಡಿದರು, ಮತ್ತೆ ಗುಂಪಿನ ಪುಡಿ. ಅಷ್ಟು ಹೊತ್ತು ಅವರು ಒಂದು ಪಟ್ಟಿ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮಸೂರ ಬದಲಿಸಿದರು, ಬೆಳಕು ತಗ್ಗಿಸಿದರು. ಕೊನೆಗೆ ಎದ್ದು ನನ್ನ ವರದಿಯ ಕೆಳಗೆ ಸಹಿ ಹಾಕಿದರು.

“ನಿನ್ನ ಕಣ್ಣು ಸರಿಯಾಗೇ ಇದೆ ಕಣಮ್ಮ,” ಎಂದರು. ನನಗೆ ನೆಮ್ಮದಿಯಾಯಿತು.

ಮೂರನೆಯದು ಏಪ್ರಿಲಿನಲ್ಲಿ ಬಂತು. ದೇವರೇ ಇದೊಂದು ಸರಿಯಿರಲಿ ಎಂದುಕೊಂಡು ಕಣ್ಣಿಟ್ಟೆ. ಇತ್ತು! ಒಂದು, ಎರಡು, ಒಂದು ಪೊರೆಯ ತುಂಬ ಸಾಲಾಗಿ ಕದಿರು. ಕೈಗವಸು ಬಿಚ್ಚುವ ಮೊದಲೇ ಫೋನು ಮಾಡಿದೆ. “ಅಕ್ಕ, ಈ ಸಲ ಪಾಸು! ಎಷ್ಟು ಚೆನ್ನಾಗಿ ತೆಗ್ದಿದೀರಿ!”

“ಹೌದಾ,” ಎಂದರು. ಫೋನು ಇಟ್ಟರು.

ಎರಡು ದಿನ ಬಿಟ್ಟು ಅಕ್ಕ ಬಂದರು. ಕಳಸದಿಂದ ಬೆಳಗಿನ ಬಸ್ಸು ಹಿಡಿದು, ಘಟಕದ ಗೇಟಿನಲ್ಲಿ ಹೆಸರು ಬರೆಸಿ, ಬೆಂಚಿನ ಮೇಲೆ ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಸೀರೆ, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಕರೆದೆ, ನೀರು ಕೊಟ್ಟೆ. ಕುಡಿಯಲಿಲ್ಲ.

“ಮೇಡಮ್, ಒಂದು ವಿಷ್ಯ ಹೇಳಿ ಹೋಗಣ ಅಂತ ಬಂದೆ.”

ಮೇಡಮ್! ನನಗೆ ನಗು ಬಂತು. “ಇದೆಂಥ ಅಕ್ಕ ಹೊಸದಾಗಿ?”

ಅವರು ನಗಲಿಲ್ಲ. “ಎರಡು ಸಲ ನಮ್ಮ ಕೈಯಲ್ಲಿ ಕುಟ್ಟಿದ್ದು ಕಳ್ಸಿದ್ವಿ. ಬೇರೆ ಮರ ಅಂದ್ರಿ. ಗುಂಪಿನೋರು ನನ್ನ ಮೇಲೇ ಅನುಮಾನ ಪಟ್ರು. ನಾನೇ ನಡುವೆ ಏನೋ ಬೆರೆಸ್ತೀನಿ ಅಂತ ಒಬ್ಳು ಮುಖಕ್ಕೇ ಅಂದ್ಲು. ಆವಾಗ ಮೂಡಿಗೆರೆ ಮಿಲ್ಲಿನವ್ನು ಸಿಕ್ದ. ‘ನನ್ನ ಮಿಲ್ಲಲ್ಲಿ ಬೀಸಿದ್ರೆ ಪಾಸಾಗುತ್ತೆ, ಅಲ್ಲಿ ನಂದು ಯಾವತ್ತೂ ಫೇಲಾಗಿಲ್ಲ’ ಅಂದ. ಚಕ್ಕೆ ತಗಂಡು ಹೋದೆ. ಅಲ್ಲೇ ನಿಂತು ನೋಡ್ದೆ. ನಮ್ಮ ಚಕ್ಕೆ ಸುರಿದು, ಅದರ ಮೇಲೆ ಒಂದು ಮೊರ ಇದನ್ನ ಸುರಿದ. ಇದೆಂಥಕ್ಕೆ ಅಂದೆ. ‘ತೂಕಕ್ಕೆ’ ಅಂದ. ಸುಮ್ನಿದ್ದೆ. ಪಾಸಾಗುತ್ತಾ ನೋಡಣ ಅಂತ ಬೇಕಂತ್ಲೇ ಸುಮ್ನಿದ್ದೆ. ನೀವು ಎಷ್ಟು ಚೆನ್ನಾಗಿ ತೆಗ್ದಿದೀರಿ ಅಂದ್ರಿ.”

ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದರು. ಕಾಫಿ ಹೊಟ್ಟು. ಒಣಗಿದ ಕಾಫಿ ಬೀಜ ಸುಲಿದಾಗ ಉದುರುವ ಒಣ ಸಿಪ್ಪೆ, ಬೀಜಕ್ಕೆ ಅಂಟಿದ ತೆಳ್ಳನೆಯ ಪೊರೆ.

ನನ್ನಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವವರು. ಆ ಹೊಟ್ಟಿನ ರಾಶಿಯ ಮೇಲೆ ಜಾರಿ ಜಾರಿ ಆಡಿ, ಸಂಜೆ ಮೈ ತುಂಬ ತುರಿಕೆ ಬಂದು ಅಮ್ಮನ ಕೈಲಿ ಪೆಟ್ಟು ತಿಂದವಳು ನಾನು. ನಲವತ್ತು ಗಿಡಗಳ ಬೇರು, ತೊಗಟೆ, ಕಾಯಿ ಎಲ್ಲ ಮಸೂರದ ಕೆಳಗಿಟ್ಟಿದ್ದೆ. ಕಾಫಿಯನ್ನು ಮಾತ್ರ ಒಂದು ದಿನವೂ ಇಟ್ಟಿರಲಿಲ್ಲ. ಕಾಫಿಯಲ್ಲಿ ನೋಡುವುದಕ್ಕೆ ಏನಿದೆ? ಕಣ್ಣು ಬಿಟ್ಟಾಗಿನಿಂದ ಕಂಡದ್ದೇ ಅಲ್ಲವೇ?

ಒಂದು ಚಿಟಿಕೆ ಪುಡಿ ಮಾಡಿದೆ. ಎರಡು ಹನಿ. ಅವಸರದಲ್ಲಿ ಮೊದಲ ಪಟ್ಟಿ ದೀಪದ ಮೇಲೆ ಕುದಿದುಹೋಯಿತು. ಇನ್ನೊಂದು ಮಾಡಿದೆ. ಕಣ್ಣಿಟ್ಟೆ. ಕದಿರು. ಎತ್ತ ಸರಿಸಿದರೂ ಕದಿರು, ಓರೆ ಸೀಳು ಗುರುತಿನ ಸಮೇತ, ಪೊರೆಯ ತುಂಬ ಒತ್ತೊತ್ತಾಗಿ. ನಾನು ಅಡಿಗೆರೆ ಎಳೆದ ಘಟ್ಟದ ಹೊಳೆಮತ್ತಿಯ ವಿಶೇಷ ಲಕ್ಷಣ!

“ಇದೆಯಾ?” ಅಕ್ಕ ಕೇಳಿದರು.

“ಇದೆ,” ಎಂದೆ. ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ. “ಅಕ್ಕ, ನಂಗೆ ಗೊತ್ತಿರ್ಲಿಲ್ಲ.”

“ನೀವು ಓದಿದೋರು ಮೇಡಮ್. ನಮ್ಮನ್ನ ಕಳ್ಳೀರು ಅಂತ ಬರೆಯೋ ಮುಂಚೆ ಒಂದ್ಸಲ ಕಳಸಕ್ಕೆ ಬಂದು ಮರ ನೋಡ್ಬೋದಿತ್ತಲ್ಲ. ಬಸ್ಸು ದಿನಾ ಇದೆ.” ಪೊಟ್ಟಣ ಅಲ್ಲೇ ಬಿಟ್ಟು ಎದ್ದರು. ಗೇಟಿನವರೆಗೂ ಹಿಂದೆ ಹೋದೆ. ತಿರುಗಿ ನೋಡಲಿಲ್ಲ.

ಒಳಗೆ ಬಂದು ಹದಿನೇಳನೆಯ ಬಾಟಲಿ ತೆಗೆದೆ. ವ್ಯಾಪಾರಿಯ ಮೂಟೆಯಲ್ಲಿ ಹೊಟ್ಟು ಇರುವುದು ಅರ್ಥವಾಗುತ್ತದೆ. ಹೊಳೆದಂಡೆಯ ಮರದಿಂದ ಸ್ವಂತ ಕೈಯಲ್ಲಿ ತೆಗೆದು, ನಮ್ಮ ಒರಳಲ್ಲಿ ಕುಟ್ಟಿದ ತೊಗಟೆಗೆ ಕಾಫಿಯ ಪೊರೆ ಎಲ್ಲಿಂದ ಬರಬೇಕು? ಹತ್ತು ಪಟ್ಟಿ ಮಾಡಿದೆ. ಹತ್ತರಲ್ಲೂ ಇತ್ತು. ಬಾಟಲಿ ಹಿಡಿದುಕೊಂಡೇ ಸರ್ ಕೋಣೆಗೆ ಹೋದೆ. ಅದನ್ನೂ ಹೊಟ್ಟಿನ ಪೊಟ್ಟಣವನ್ನೂ ಅವರ ಮುಂದಿಟ್ಟೆ.

ಅವರು ಏನೂ ಕೇಳಲಿಲ್ಲ. ಅದರಲ್ಲೇ ನನಗೆ ಉತ್ತರ ಸಿಕ್ಕಿತು.

“ಆ ವರ್ಷ ತಪಾಸಣೆ ಇತ್ತು,” ಎಂದರು. “ಹೊಳೆಮತ್ತಿ ಒಂದು ಬಾಕಿ ಇತ್ತು. ಆಗಸ್ಟ್ ತಿಂಗಳು. ಭದ್ರೆ ತುಂಬಿ ಹರೀತಿತ್ತು, ದಂಡೆಗೆ ಇಳಿಯೋ ಹಂಗಿರ್ಲಿಲ್ಲ. ಗೋಡೌನಲ್ಲಿದ್ದ ಮೂಡಿಗೆರೆಯವನ ಮೂಟೆಯಿಂದ ಎರಡು ಹಿಡಿ ತುಂಬಿ ಚೀಟಿ ಅಂಟಿಸ್ದೆ. ಮಳೆ ನಿಂತ್ಮೇಲೆ ಬದಲಾಯ್ಸಣ ಅಂತಿದ್ದೆ.”

“ಆಮೇಲೆ ಎಷ್ಟು ಮಳೆ ನಿಂತ್ವು ಸರ್?”

ಅವರು ಬಾಟಲಿಯನ್ನು ತಿರುಗಿಸಿ ತಮ್ಮ ಸಹಿ ನೋಡಿದರು.

“ಎರಡನೇ ಸಲ ನಾನೇ ನಿಮ್ಮನ್ನ ಕರ್ದೆ. ಅಷ್ಟು ಹೊತ್ತು ನೋಡಿದ್ರಿ. ಆಗ ಗೊತ್ತಾಯ್ತಾ?”

ಕನ್ನಡಕ ತೆಗೆದು ಒರೆಸಿದರು. ಸುಳ್ಳು ಹೇಳಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. “ಗೊತ್ತಾಯ್ತು,” ಎಂದರು.

ಬಾಟಲಿ ತುಂಬಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಮಳೆ, ತಪಾಸಣೆ, ಯಾರಿಗಾದರೂ ಆಗುವಂಥದು. ಆದರೆ ಸತ್ಯ ಕಣ್ಣೆದುರು ಇಟ್ಟುಕೊಂಡು, ‘ನಿನ್ನ ಕಣ್ಣು ಸರಿಯಾಗೇ ಇದೆ’ ಎಂದು ನನ್ನ ಕೈಯಿಂದಲೇ ಆ ಹೆಂಗಸರ ಮುಖಕ್ಕೆ ಮಸಿ ಬಳಿಸಿದರಲ್ಲ! ನನಗೆ ನೋಡುವುದನ್ನು ಕಲಿಸಿದವರು ನನ್ನನ್ನೇ ಕುರುಡಿ ಮಾಡಿ ಕೂರಿಸಿದ್ದರು. ಅತ್ತುಬಿಟ್ಟೆ. ಸಿಟ್ಟಿಗೆ ಬಂದ ಅಳು ಅದು, ಅವರೆದುರು ಅತ್ತೆನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅವರು ಬಾಗಿಲು ಮುಂದೆ ಮಾಡಿದರು. “ಕೇಳಿಲ್ಲಿ. ನಂಗಿನ್ನು ಆರು ತಿಂಗಳು ಸರ್ವಿಸು. ಭಾನುವಾರ ನಾನೇ ಹೋಗಿ ಹೊಸ ಚಕ್ಕೆ ತರ್ತೀನಿ, ಬಾಟ್ಲಿ ಬದಲಾಯ್ಸಣ. ಗುಂಪಿನ ಮೂರನೇದು ಹೇಗೂ ಪಾಸಾಗಿದೆ. ಮುಂದೆ ಅವ್ರ ಸಾಚಾ ಪುಡಿನೂ ಪಾಸಾಗುತ್ತೆ. ಯಾರಿಗೂ ತೊಂದ್ರೆ ಇಲ್ಲ.”

ನಿಜ ಹೇಳಬೇಕೆಂದರೆ, ಆ ಮಾತು ನನಗೆ ಒಂದು ಕ್ಷಣ ಸರಿಯೆನಿಸಿತು. ಮನೆಗೆ ಹೋಗಿ ಊಟಕ್ಕೆ ಕೂತರೂ ಅದೇ ಲೆಕ್ಕಾಚಾರ. ಬಾಟಲಿ ಬದಲಾಗುತ್ತದೆ, ಸರ್ ಮರ್ಯಾದೆಯಿಂದ ನಿವೃತ್ತರಾಗುತ್ತಾರೆ, ನನ್ನ ನಾಲ್ಕು ವರ್ಷದ ವರದಿಗಳನ್ನು ಯಾರೂ ಕೆದಕುವುದಿಲ್ಲ. ಉಳಿಯುವುದು ಎರಡೇ ಹಾಳೆ: ‘ಬೇರೆ ಮರದ ತೊಗಟೆ.’ ಅವು ಕಡತದಲ್ಲಿ ಅಕ್ಕನ ಗುಂಪಿನ ಹೆಸರಿನ ಕೆಳಗೆ ಹಾಗೇ ಕೂತಿರುತ್ತವೆ. ನಾಳೆ ಅವರು ಬೇರೆಲ್ಲಾದರೂ ಪುಡಿ ಕೊಡಲು ಹೋದರೆ ಅದೇ ಹಾಳೆ ಮುಂದೆ ಹೋಗುತ್ತದೆ. ಅಕ್ಕನ ಮುಖಕ್ಕೆ ಅಂದ ಆ ಹೆಂಗಸು ತನ್ನ ಮಾತನ್ನು ವಾಪಸು ತೆಗೆದುಕೊಳ್ಳುವುದೂ ಇಲ್ಲ. ಅನ್ನ ಕಲಸಿದ್ದು ಹಾಗೇ ಬಿಟ್ಟು ಕೈ ತೊಳೆದೆ.

ಮರುದಿನ ವರದಿ ಬರೆದೆ. ಗುಂಪಿನ ಮೊದಲ ಎರಡು ಪುಡಿ ಶುದ್ಧ ಹೊಳೆಮತ್ತಿ. ಅವನ್ನು ತಿರಸ್ಕರಿಸಿದ್ದು ತಪ್ಪು, ತಪ್ಪು ನನ್ನದು. ಮೂರನೆಯದರಲ್ಲಿ, ಮೂಡಿಗೆರೆಯ ವ್ಯಾಪಾರಿಯಿಂದ ಈವರೆಗೆ ಬಂದದ್ದರಲ್ಲಿ, ಮೂಲ ಮಾದರಿಯಲ್ಲಿ ಕಾಫಿ ಹೊಟ್ಟು ಇದೆ. ಈ ಎಲ್ಲದರ ಗಾಜಿನ ಪಟ್ಟಿಗಳನ್ನೂ ಹೊಟ್ಟಿನ ಪಟ್ಟಿಯನ್ನೂ ಜೊತೆಗಿಟ್ಟೆ. ಹದಿನೇಳನೆಯ ಬಾಟಲಿಗೆ ಅರಗು ಹಾಕಿ ಮುಚ್ಚಿದೆ. ಮಾಲೀಕರ ಕೋಣೆಗೆ ಹೋಗುವ ಮೊದಲು ಒಂದು ಪ್ರತಿಯನ್ನು ಸರ್ ಮೇಜಿನ ಮೇಲಿಟ್ಟೆ. ಬೆನ್ನ ಹಿಂದೆ ಮಾಡಲು ನನಗೆ ಬರುವುದಿಲ್ಲ.

ಓದಿದರು. “ಕಲ್ಸಿದ್ದು ಚೆನ್ನಾಗಿ ಕಲ್ತಿದೀಯ,” ಎಂದರು. ಹೊಗಳಿಕೆಯೋ, ಚುಚ್ಚು ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಾಲೀಕರು ಕೂಗಾಡಿದರು, ಆದರೆ ವರದಿಯನ್ನು ಮುಚ್ಚಿಡಲಿಲ್ಲ. ಗೋಡೌನಿನಲ್ಲಿದ್ದ ಹೊಳೆಮತ್ತಿಯನ್ನೆಲ್ಲ ಬೇರೆ ಇಡಿಸಿದರು, ಅಂಗಡಿಗಳಿಗೆ ಹೋದದ್ದನ್ನು ವಾಪಸು ತರಿಸಿದರು, ಮಿಲ್ಲಿನವನ ಹೆಸರು ಹೊಡೆದರು. ಕಳಸದ ಗುಂಪಿಗೆ ಘಟಕದ ಮೊಹರಿನ ಪತ್ರ ಹೋಯಿತು. ನನಗೂ ಒಂದು ಬಂತು, ಎಚ್ಚರಿಕೆಯದು. ಬರಬೇಕಾದ್ದೇ. ಸರ್ ರಜೆ ಹಾಕಿದವರು ಮತ್ತೆ ಬರಲಿಲ್ಲ, ಬೀಳ್ಕೊಡುಗೆಯೂ ಆಗಲಿಲ್ಲ.

ಆಮೇಲೆ ಉಳಿದ ಮೂವತ್ತೊಂಬತ್ತು ಬಾಟಲಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಪ್ರತಿಯೊಂದರ ಮೇಲೂ ಅವರದೇ ಕೈಬರಹ. ಮಳೆಗಾಲ ಪೂರ್ತಿ ಹಿಡಿಯಿತು. ಮೂವತ್ತೊಂಬತ್ತೂ ಸಾಚಾ. ಅಪ್ಪಟ. ಕೆಲವಂತೂ ಯಾವ ಗುಡ್ಡ ಹತ್ತಿ ತಂದಿದ್ದರೋ ಎನ್ನುವಂಥವು. ಎಲ್ಲ ಸುಳ್ಳಾಗಿದ್ದಿದ್ದರೆ ಅವರನ್ನು ಬೈದು ಮರೆತುಬಿಡಬಹುದಿತ್ತು. ಅವರು ಕೊಟ್ಟ ಕೈಲೆನ್ಸು ನನ್ನ ಡ್ರಾಯರಿನಲ್ಲೇ ಇದೆ. ಬಿಸಾಡಲು ಮನಸ್ಸು ಬರುವುದಿಲ್ಲ, ಮುಟ್ಟಲೂ ಬರುವುದಿಲ್ಲ.

ಮಳೆ ನಿಂತ ಮೇಲೆ ಹೊಸ ಮೂಲ ಮಾದರಿಗೆ ಕಳಸಕ್ಕೆ ಹೋದೆ. ಅಕ್ಕ ದಂಡೆಗೆ ಕರೆದುಕೊಂಡು ಹೋದರು, ಕತ್ತಿ ಕೈಗೆ ಕೊಟ್ಟು ದೂರ ನಿಂತರು. ನಾನೇ ತೆಗೆದೆ, ಹೊರಗಿನ ಪದರ ಮಾತ್ರ, ಒಂದು ಮಗ್ಗುಲು, ಒಂದು ಗೇಣು. ಅವರು ಹಿಂದೆಂದೋ ತೆಗೆದ ಜಾಗ ಪಕ್ಕದಲ್ಲೇ ಹೊಸ ಚರ್ಮ ಬಂದು ಮುಚ್ಚಿಕೊಳ್ಳುತ್ತಿತ್ತು. “ಸರಿಯಾಯ್ತಾ ಅಕ್ಕ?” ಎಂದೆ. “ಮರಕ್ಕೆ ಪೆಟ್ಟಾಗಿಲ್ಲ,” ಎಂದರು, ಅಷ್ಟೇ. ಬಸ್ಸಿನವರೆಗೆ ಬಂದರು. ಮನೆಗೆ ಕರೆಯಲಿಲ್ಲ.

ಜನವರಿಯಲ್ಲಿ ಗುಂಪಿನ ಪುಡಿ ಬಂತು. ಅವರು ಕಳಿಸಿದ್ದೇ ನನಗೆ ಆಶ್ಚರ್ಯ. ಐದು ಪಟ್ಟಿ ಮಾಡಿದೆ. ಹರಳು, ನಾರು. ಬೇರೇನಿಲ್ಲ. ಕಾಫಿ ಕುಡಿಯದೆ ಮೊದಲು ಫೋನು ಮಾಡಿದೆ.

“ಅಕ್ಕ, ನಾನು. ನಿಮ್ಮ ಪುಡಿ ನೋಡ್ದೆ. ತುಂಬ ಶುದ್ಧವಾಗಿದೆ.”

ಹಿಂದೆ ಹೊಳೆಯ ಸದ್ದು, ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

“ಅದು ನಮಗೆ ಹೋದ ವರ್ಷನೂ ಗೊತ್ತಿತ್ತು, ಮೇಡಮ್,” ಎಂದರು.